ಕಿಡ್ನಿ ಕಾಯಿಲೆ: ಹಂತಕ್ಕೊಂದು ಮದ್ದು, ಹಂತಕ್ಕೊಂದು ಊಟ

ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ ಒಂದು ತ್ಯಾಜ್ಯ) 1.1 ಅಂತ ಬಂದಿದೆ ಎಂದುಕೊಳ್ಳಿ. ಬೆಂಗಳೂರಿನ ಹಲವು ಲ್ಯಾಬುಗಳು ಇದನ್ನು ನಾರ್ಮಲ್ ಎಂದೇ ಕೊಡುತ್ತವೆ. ಮನೆಯವರಿಗೂ ಸಮಾಧಾನ. ಆದರೆ ಆ 1.1 ಯಾರದ್ದು ಅನ್ನೋದು ಬಹಳ ಮುಖ್ಯ. ಕಿಡ್ನಿ ಒಂದು ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂದು ಅಂದಾಜು ಮಾಡಲು ಒಂದು ಸೂತ್ರ ಇದೆ. ಅದರಿಂದ ಬರುವ ಸಂಖ್ಯೆಗೆ ಇಜಿಎಫ್‌ಆರ್ ಎನ್ನುತ್ತಾರೆ. 2021ರಲ್ಲಿ ತಿದ್ದಿದ ಸೂತ್ರಕ್ಕೆ ಈ 1.1 ಹಾಕಿ ನೋಡಿ. ಅದು 25 ವರ್ಷದ ಹುಡುಗನದಾದರೆ ಸುಮಾರು 95 ಬರುತ್ತದೆ. ಚಿಂತೆ ಇಲ್ಲ. ಅದೇ 60 ವರ್ಷದ ಹೆಂಗಸಿನದಾದರೆ ಬರೋದು ಸುಮಾರು 57.

ಈ ಸಂಖ್ಯೆ ಮೂರು ತಿಂಗಳಿಗಿಂತ ಜಾಸ್ತಿ ಕಾಲ 60ಕ್ಕಿಂತ ಕೆಳಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಇದರಲ್ಲಿ ಐದು ಹಂತಗಳಿವೆ, ಸಂಖ್ಯೆ ಇಳಿದಷ್ಟೂ ಹಂತ ಏರುತ್ತದೆ. 57 ಎಂದರೆ ಮೂರನೇ ಹಂತ. ಕ್ರಿಯೇಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ವಯಸ್ಸಾದವರಲ್ಲಿ, ತೆಳ್ಳಗಿರುವವರಲ್ಲಿ ಸ್ನಾಯು ಕಡಿಮೆ. ಹಾಗಾಗಿ ಕಿಡ್ನಿ ಸೋತಿದ್ದರೂ ಅವರ ರಕ್ತದಲ್ಲಿ ಕ್ರಿಯೇಟಿನಿನ್ ಅಷ್ಟಾಗಿ ಏರುವುದಿಲ್ಲ. ನಮ್ಮ ಅಮ್ಮ, ಅಜ್ಜಿಯರ ಕಾಯಿಲೆ ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ.

ಇದಕ್ಕಿಂತ ಮೊದಲೇ ಸುಳಿವು ಕೊಡುವ ಪರೀಕ್ಷೆ ಒಂದಿದೆ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಹೋಗುತ್ತಿದೆ ಎಂದು ನೋಡುವುದು. ಅದನ್ನು ಮೂತ್ರದ ಕ್ರಿಯೇಟಿನಿನ್ ಜೊತೆ ಹೋಲಿಸಿ ಲೆಕ್ಕ ಹಾಕುತ್ತಾರೆ. 30ಕ್ಕಿಂತ ಕಡಿಮೆ ಇದ್ದರೆ ಸರಿ. 300 ದಾಟಿದರೆ ಗಂಭೀರ. ಎರಡರ ನಡುವೆ ಇದ್ದರೆ ಕಿಡ್ನಿ ಸೋರಲು ಶುರುವಾಗಿದೆ ಎಂದರ್ಥ. ಆಗ ನೋವಿಲ್ಲ, ಊತವಿಲ್ಲ, ಕ್ರಿಯೇಟಿನಿನ್ ಕೂಡ ಅಲ್ಲಾಡಿರುವುದಿಲ್ಲ. ಶುಗರ್, ಬಿಪಿ ಇರುವವರು ವರ್ಷಕ್ಕೊಮ್ಮೆ ಇದನ್ನು ಮಾಡಿಸಲೇಬೇಕು. ಕೆಲವು ನೂರು ರೂಪಾಯಿಯ ಪರೀಕ್ಷೆ ಇದು. ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಬೇಗ ಗೊತ್ತಾದರೆ ಮಾಡಬಹುದಾದದ್ದು ಈಗ ಬಹಳ ಇದೆ. ಇಪ್ಪತ್ತು ವರ್ಷದ ಹಿಂದೆ ಇಷ್ಟು ಇರಲಿಲ್ಲ.

ಒಂದೊಂದು ಕಿಡ್ನಿಯಲ್ಲೂ ನೆಫ್ರಾನ್ ಎಂಬ ಸಣ್ಣ ಸೋಸುವ ಘಟಕಗಳು ಸುಮಾರು 10 ಲಕ್ಷ ಇವೆ. ಪ್ರತಿ ನೆಫ್ರಾನಿನ ಬಾಯಲ್ಲೂ ತೀರಾ ಸಣ್ಣ ರಕ್ತನಾಳಗಳ ಒಂದು ಗಂಟು. ರಕ್ತ ಸೋಸುವ ಜಾಗ ಅದೇ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರಿನಷ್ಟು. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಶುಗರ್ ಕಾಯಿಲೆಯಲ್ಲಿ ಈ ಗಂಟುಗಳ ಒಳಗೆ ಒತ್ತಡ ಏರುತ್ತದೆ. ಗಿಡಕ್ಕೆ ನೀರು ಬಿಡುವಾಗ ನಲ್ಲಿ ಪೂರ್ತಿ ತಿರುಗಿಸಿ ಪೈಪಿನ ತುದಿ ಅಮುಕಿದರೆ ಪೈಪು ಉಬ್ಬುತ್ತದಲ್ವಾ, ಹಾಗೆ. ವರ್ಷಗಟ್ಟಲೆ ಹೀಗೇ ನಡೆದರೆ ಗಂಟು ಸೋರುತ್ತದೆ, ಕೊನೆಗೆ ಗಾಯದ ಕಲೆಯಾಗಿ ಮುಚ್ಚಿಹೋಗುತ್ತದೆ. ಒಂದು ನೆಫ್ರಾನ್ ಹೋದರೆ ಅದರ ಕೆಲಸ ಉಳಿದವುಗಳ ಮೇಲೆ ಬೀಳುತ್ತದೆ. ಆಗ ಅವೂ ಬೇಗ ಸವೆಯುತ್ತವೆ.

ಪೈಪಿನ ತುದಿಯ ಬಿಗಿ ಸಡಿಲಿಸುವ ಔಷಧಿಗಳು ಮೊದಲು ಬಂದವು. ರಾಮಿಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಇದೇ ಗುಂಪಿನವು. ಇವು ಬಿಪಿ ಮಾತ್ರೆಗಳೆಂದೇ ಜನಕ್ಕೆ ಗೊತ್ತು. ಇವು ಕಿಡ್ನಿಯನ್ನೂ ಕಾಯುತ್ತವೆ ಎಂದು 1993 ಮತ್ತು 2001ರ ದೊಡ್ಡ ಅಧ್ಯಯನಗಳು ತೋರಿಸಿದವು. ಆಮೇಲೆ ಹೆಚ್ಚುಕಡಿಮೆ 18 ವರ್ಷ ಹೇಳಿಕೊಳ್ಳುವಂಥ ಹೊಸ ಔಷಧಿ ಬರಲಿಲ್ಲ.

ಬಂದಾಗ ಅದು ಸೇಬಿನ ಮರದ ಬೇರಿನಿಂದ ಬಂತು. 1835ರಲ್ಲಿ ಯುರೋಪಿನ ರಸಾಯನ ತಜ್ಞರು ಸೇಬಿನ ಬೇರಿನ ತೊಗಟೆಯಿಂದ ಫ್ಲೊರಿಜಿನ್ ಎಂಬ ಕಹಿ ಪದಾರ್ಥ ಬೇರ್ಪಡಿಸಿದ್ದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಎಂದು ಅದೇ ಶತಮಾನದಲ್ಲಿ ತಿಳಿಯಿತು. ನಮ್ಮ ಕಿಡ್ನಿ ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆ ಸೋಸಿ, ಅಷ್ಟನ್ನೂ ಮತ್ತೆ ಹೀರಿಕೊಳ್ಳುತ್ತದೆ. ಹೀಗೆ ಹೀರುವ ಒಂದು ಪ್ರೋಟೀನನ್ನು ಫ್ಲೊರಿಜಿನ್ ತಡೆಯುತ್ತದೆ. ಅದೇ ಜಾಡಿನಲ್ಲಿ ತಯಾರಾದ ಮಾತ್ರೆಗಳು ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್, ಕಾನಾಗ್ಲಿಫ್ಲೊಜಿನ್. ಬಂದದ್ದು ಶುಗರ್ ಇಳಿಸಲು. ಆದರೆ ಇವು ಸಕ್ಕರೆಯ ಜೊತೆ ಉಪ್ಪಿನ ಸೋಡಿಯಂ ಹೀರುವುದನ್ನೂ ತಡೆಯುತ್ತವೆ. ಆ ಸೋಡಿಯಂ ನೆಫ್ರಾನಿನಲ್ಲಿ ಇನ್ನೂ ಮುಂದಕ್ಕೆ ಹರಿಯುತ್ತದೆ. ಅಲ್ಲಿ ಅದನ್ನು ಅಳೆಯುವ ಜೀವಕೋಶಗಳಿವೆ. ಸೋಸಿದ್ದು ಜಾಸ್ತಿಯಾಯಿತು ಎಂದು ಅವು ಸುದ್ದಿ ಕಳಿಸುತ್ತವೆ. ಆಗ ಒಳಗೆ ಬರುವ ರಕ್ತನಾಳ ಸ್ವಲ್ಪ ಕಿರಿದಾಗಿ, ಗಂಟಿನ ಒತ್ತಡ ಇಳಿಯುತ್ತದೆ. ಹಳೆಯ ಮಾತ್ರೆ ಪೈಪಿನ ತುದಿ ಸಡಿಲಿಸಿತು, ಇದು ನಲ್ಲಿಯನ್ನೇ ಸ್ವಲ್ಪ ತಿರುಗಿಸಿತು.

2020ರ ಡಾಪಾ-ಸಿಕೆಡಿ ಅಧ್ಯಯನದಲ್ಲಿ 4,304 ರೋಗಿಗಳಿದ್ದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಶುಗರ್ ಇರಲೇ ಇಲ್ಲ. ಕಿಡ್ನಿ ಕೆಲಸ ಅರ್ಧಕ್ಕಿಳಿಯುವುದು, ಪೂರ್ತಿ ನಿಲ್ಲುವುದು, ಕಿಡ್ನಿ ಅಥವಾ ಹೃದಯದಿಂದ ಸಾವು, ಇವನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರೆ ಮಾತ್ರೆ ತೆಗೆದುಕೊಂಡವರಲ್ಲಿ ಅಪಾಯ 39% ಕಡಿಮೆಯಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಭಾರತದಲ್ಲಿ ಡಾಪಾಗ್ಲಿಫ್ಲೊಜಿನ್ ಪೇಟೆಂಟ್ ಮುಗಿಯಿತು. ಹತ್ತಾರು ಕಂಪನಿಗಳು ಇದನ್ನು ತಯಾರಿಸಿದವು, ಬೆಲೆ ಬಹಳ ಇಳಿಯಿತು. ನಮ್ಮ ಜನರ ಮಟ್ಟಿಗೆ ಇದು ಅಧ್ಯಯನದಷ್ಟೇ ದೊಡ್ಡ ಸುದ್ದಿ. ಆಮೇಲೆ ಕಿಡ್ನಿ ಕಾಯುವ ಫೈನರೆನೋನ್ ಎಂಬ ಇನ್ನೊಂದು ಮಾತ್ರೆ ಬಂತು. 2024ರಲ್ಲಿ ಸೆಮಾಗ್ಲುಟೈಡ್ ಕೂಡ ಶುಗರ್ ಇರುವವರ ಕಿಡ್ನಿಯನ್ನು ಕಾಯುತ್ತದೆ ಎಂದು ಗೊತ್ತಾಯಿತು.

ಒಂದು ಎಚ್ಚರಿಕೆ. ಈ ಮಾತ್ರೆಗಳನ್ನು ಶುರು ಮಾಡಿದ ಮೊದಲ ವಾರಗಳಲ್ಲಿ ಕ್ರಿಯೇಟಿನಿನ್ ಸ್ವಲ್ಪ ಏರಬಹುದು. ಒತ್ತಡ ಇಳಿದದ್ದರ ಗುರುತು ಅದು. ಅದನ್ನು ನೋಡಿ ಹೆದರಿ ಸುಮ್ನೆ ನಿಲ್ಲಿಸಿಬಿಡುವವರಿದ್ದಾರೆ. ಹಾಗೆ ಮಾಡಬೇಡಿ, ಡಾಕ್ಟರನ್ನು ಕೇಳಿ. ಆದರೆ ವಾಂತಿ ಭೇದಿ ಆದಾಗ, ಏಕಾದಶಿಯ ನಿರಾಹಾರಕ್ಕೋ ರಂಜಾನ್ ಉಪವಾಸಕ್ಕೋ ಮುಂಚೆ, ಡಾಪಾಗ್ಲಿಫ್ಲೊಜಿನ್ ಗುಂಪಿನ ಮಾತ್ರೆ ಮುಂದುವರಿಸಬೇಕಾ ಎಂದು ಕೇಳಲೇಬೇಕು. ಇನ್ನು ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಬರುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಕಾಯಿಲೆ ಇರುವವರು ಅವನ್ನು ಮುಟ್ಟಬಾರದು.

ಈಗ ಊಟಕ್ಕೆ ಬರೋಣ. ‘ಕಿಡ್ನಿಗೆ ಏನು ತಿನ್ನಬೇಕು?’ ಎಂದು ಎಲ್ಲರೂ ಕೇಳುತ್ತಾರೆ. ಯಾವ ಹಂತ, ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟು ಎಂದು ಗೊತ್ತಾಗದೆ ಇದಕ್ಕೆ ಉತ್ತರ ಇಲ್ಲ. ವಾಟ್ಸಾಪಿನಲ್ಲಿ ಓಡಾಡುವ ಪಟ್ಟಿಗಳು ಎರಡನೇ ಹಂತದವರಿಗೂ ಬಾಳೆಹಣ್ಣು ಬಿಡಿಸುತ್ತವೆ, ಸೊಪ್ಪು ಬಿಡಿಸುತ್ತವೆ. ಇದು ತಪ್ಪು. ಪೊಟ್ಯಾಸಿಯಂ ಸರಿಯಾಗಿದ್ದರೆ ಹಣ್ಣು ತರಕಾರಿ ಒಳ್ಳೆಯದೇ. ಕಿಡ್ನಿ ಸೋತಾಗ ರಕ್ತದಲ್ಲಿ ಆಮ್ಲ ಸೇರುತ್ತದೆ, ಅದನ್ನು ಇವು ತಗ್ಗಿಸುತ್ತವೆ.

ರಕ್ತದ ಪೊಟ್ಯಾಸಿಯಂ 3.5ರಿಂದ 5ರವರೆಗೆ ಇರಬೇಕು. 6 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಇದು ಹೆಚ್ಚಾಗಿ ನಾಲ್ಕು, ಐದನೇ ಹಂತದವರ ತೊಂದರೆ. ಅಂಥವರಿಗೆ ತರಕಾರಿಯನ್ನು ಜಾಸ್ತಿ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿ ಎನ್ನುತ್ತಾರೆ. ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ನಮ್ಮ ಬಸ್ಸಾರಿನಲ್ಲಿ ನಡೆಯುವುದು ಇದರ ಅರ್ಧ. ಸೊಪ್ಪು, ಕಾಳು ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟಿಗೆ ಖಾರ ಹಾಕಿ ಸಾರು ಮಾಡುತ್ತೇವೆ, ಉಳಿದದ್ದು ಪಲ್ಯ. ಪೊಟ್ಯಾಸಿಯಂ ಬಹಳಷ್ಟು ಸಾರಿನ ಪಾತ್ರೆಗೆ ಹೋಗಿರುತ್ತದೆ. ಹಾಗಾಗಿ ಒಂದೇ ಅಡುಗೆಯಲ್ಲಿ ಮನೆಯವರೆಲ್ಲ ಸಾರು ಬಡಿಸಿಕೊಂಡು, ಪೊಟ್ಯಾಸಿಯಂ ಏರಿದವರು ಅಳತೆಯಲ್ಲಿ ಪಲ್ಯ ತಿನ್ನಬಹುದು. ಅವರಿಗೆ ಬೇರೆಯೇ ಒಲೆ ಹಚ್ಚಬೇಕಿಲ್ಲ. ಎಳನೀರು ಮಾತ್ರ ಅವರಿಗೆ ಬೇಡವೇ ಬೇಡ. ಒಂದು ಎಳನೀರಿನಲ್ಲಿ ಒಂದು ಬಾಳೆಹಣ್ಣಿನಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಪೊಟ್ಯಾಸಿಯಂ ಇರುತ್ತದೆ. ಆಸ್ಪತ್ರೆಗೆ ನೋಡಲು ಬಂದವರು ಪ್ರೀತಿಯಿಂದ ತರುವುದೂ ಅದನ್ನೇ.

ಇನ್ನೊಂದು ಹಣ್ಣು ತಳ್ಳುಗಾಡಿಗಳಲ್ಲಿ ಉಪ್ಪು ಖಾರ ಹಾಕಿ ಕೊಡುವ ಸ್ಟಾರ್ ಫ್ರೂಟ್. ಮಲೆನಾಡು, ಕರಾವಳಿಯವರ ದಾರೆಹುಳಿ. ಇದರಲ್ಲಿ ಮೆದುಳಿಗೆ ವಿಷವಾಗುವ ಒಂದು ಪದಾರ್ಥ ಇದೆ. ಆರೋಗ್ಯವಾಗಿರುವ ಕಿಡ್ನಿ ಅದನ್ನು ಹೊರಹಾಕುತ್ತದೆ. ಸೋತ ಕಿಡ್ನಿಗೆ ಆಗುವುದಿಲ್ಲ. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್, ಸಾವಿನವರೆಗೂ ಹೋಗಬಹುದು. ಕಿಡ್ನಿ ರೋಗಿಗಳು ಒಂದು ಹೋಳು ಕೂಡ ತಿನ್ನಬಾರದು.

ಉಪ್ಪಿನ ಮಾತು ಎಲ್ಲ ಹಂತಕ್ಕೂ ಒಂದೇ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರಾ ಬಿಸ್ಕತ್ತು ಎಲ್ಲ ಸೇರಿ ಇಷ್ಟು. ಆದರೆ ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ತರಬೇಡಿ. ಅದರಲ್ಲಿ ಸೋಡಿಯಂ ಬದಲು ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡ್. ಬಿಪಿ ಮಾತ್ರ ಇರುವವರಿಗೆ ಅದು ಒಳ್ಳೆಯದು, ಕಿಡ್ನಿ ಸೋತವರಿಗೆ ಅಪಾಯ. ಸೋತ ಕಿಡ್ನಿ ಸರಿಯಾಗಿ ಹೊರಹಾಕಲಾಗದ ಇನ್ನೊಂದು ಪದಾರ್ಥ ರಂಜಕ (ಫಾಸ್ಫರಸ್). ರಾಗಿಯಲ್ಲಿ ಅದು ಜಾಸ್ತಿ ಎಂದು ಮುದ್ದೆ ಬಿಡಿಸುವುದೂ ಇದೆ. ಧಾನ್ಯದ ರಂಜಕ ಫೈಟೇಟ್ ರೂಪದಲ್ಲಿದ್ದು, ನಮ್ಮ ಕರುಳು ಅದರಲ್ಲಿ ಒಂದು ಪಾಲನ್ನಷ್ಟೇ ಹೀರುತ್ತದೆ. ಕೋಲಾ, ಪ್ಯಾಕೆಟ್ ಮಾಂಸಕ್ಕೆ ಸೇರಿಸುವ ರಂಜಕ ಬಹುಪಾಲು ರಕ್ತ ಸೇರುತ್ತದೆ. ಮೊದಲು ಬಿಡಬೇಕಾದದ್ದು ಕೋಲಾ. ಮುದ್ದೆ ಎಷ್ಟು ಎಂದು ರಿಪೋರ್ಟ್ ನೋಡಿ ಡಯಟಿಷಿಯನ್ ಹೇಳಲಿ.

ಪ್ರೋಟೀನಿನ ಸಲಹೆಯಂತೂ ಡಯಾಲಿಸಿಸ್ ಶುರುವಾದ ದಿನ ಪೂರ್ತಿ ತಿರುಗಿಬಿಡುತ್ತದೆ. ಅದಕ್ಕೆ ಮೊದಲು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ. 60 ಕಿಲೋ ಇರುವವರಿಗೆ 48 ಗ್ರಾಂ. ಡಯಾಲಿಸಿಸ್ ಶುರುವಾದ ಮೇಲೆ 1ರಿಂದ 1.2 ಗ್ರಾಂ, ಅಂದರೆ 60ರಿಂದ 72. ಪ್ರತಿ ಸಲ ಡಯಾಲಿಸಿಸ್ ಆದಾಗಲೂ ಅಮೈನೋ ಆಮ್ಲಗಳು ರಕ್ತದಿಂದ ಸೋರಿಹೋಗುತ್ತವೆ. ಆದರೆ ವರ್ಷಗಟ್ಟಲೆ ‘ಬೇಳೆ ಬೇಡ, ಮೊಟ್ಟೆ ಬೇಡ’ ಎಂದು ಕೇಳಿದವರು ಆ ಹೆದರಿಕೆ ಬಿಡುವುದಿಲ್ಲ. ಕಾಯಿಲೆಯ ಜೊತೆ ಅಪೌಷ್ಟಿಕತೆಯೂ ಸೇರುತ್ತದೆ. ಮೊಟ್ಟೆಯ ಬಿಳಿ ಭಾಗ, ಮೀನು, ಪನ್ನೀರ್, ಮೊಸರು, ಬೇಳೆ ಇವನ್ನು ಮತ್ತೆ ತಟ್ಟೆಗೆ ತರಬೇಕು. ಎಷ್ಟು ಎಂದು ಅಳತೆ ಕೇಳಿಕೊಂಡು ತರಬೇಕು. ಈ ಬದಲಾವಣೆಯನ್ನು ರೋಗಿಗೆ ಕೂರಿಸಿಕೊಂಡು ಹೇಳುವುದು ಚಿಕಿತ್ಸೆಯದೇ ಭಾಗ ಎಂದು ನಾನು ನಂಬುತ್ತೇನೆ.

ಡಯಾಲಿಸಿಸ್ ಯಂತ್ರವನ್ನು ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು 1943ರಲ್ಲಿ ನೆದರ್ಲೆಂಡ್ಸಿನಲ್ಲಿ, ಯುದ್ಧದ ಮಧ್ಯೆ ಕಟ್ಟಿದರು. ಅದರ ಪೊರೆ, ಮಾಂಸದ ಸಾಸೇಜ್ ತುಂಬುವ ಸೆಲೋಫೇನ್ ಕೊಳವೆ. ಇವತ್ತು ಒಂದು ಸಲಕ್ಕೆ ನಾಲ್ಕು ಗಂಟೆ, ವಾರಕ್ಕೆ ಮೂರು ಸಲ ಎನ್ನುವುದು ವಾಡಿಕೆ. ಒಂದು ಸಲಕ್ಕೆ ಸುಮಾರು 120 ಲೀಟರ್ ಅತಿ ಶುದ್ಧ ನೀರು ಬೇಕು. ಅಷ್ಟು ತಯಾರಿಸುವಾಗ ಆರ್‌ಒ ಯಂತ್ರ ಚೆಲ್ಲುವ ನೀರು ಬೇರೆ. 2024ರ ಬೇಸಿಗೆಯಂಥ ಬರ ಬೆಂಗಳೂರಿಗೆ ಬಂದಾಗ ಡಯಾಲಿಸಿಸ್ ಕೇಂದ್ರಗಳ ನೀರಿಗೆ ಮೊದಲ ಆದ್ಯತೆ ಇರಲೇಬೇಕು. ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಕೂಡ ಇದೆ. ಹೊಟ್ಟೆಯೊಳಗಿನ ಪೊರೆಯನ್ನೇ ಸೋಸಲು ಬಳಸುತ್ತಾರೆ. ಎರಡು ಲೀಟರಿನ ಚೀಲದಿಂದ ದ್ರವ ತುಂಬಿ, ಕೆಲವು ಗಂಟೆ ಬಿಟ್ಟು ಬಸಿಯುವುದು. ದಿನಕ್ಕೆ ಮೂರು ನಾಲ್ಕು ಸಲ. ಸೋಂಕು ತಗಲದಂತೆ ಬಹಳ ಶುಚಿಯಾಗಿರಬೇಕು. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿಬರುವವರು ಈ ದಾರಿ ತಮಗೆ ಆಗುತ್ತದಾ ಎಂದು ಒಮ್ಮೆಯಾದರೂ ಕೇಳಬೇಕು.

ಕಸಿ ಮಾಡಿಸಿಕೊಂಡರೆ ಎಲ್ಲಕ್ಕಿಂತ ಒಳ್ಳೆಯದು. ಆದರೆ ಅಂಗ ಸಿಗುವುದು ಕಷ್ಟ. ತೀರಿಕೊಂಡವರ ಕಿಡ್ನಿಗಾಗಿ ಕರ್ನಾಟಕದಲ್ಲಿ ಅಂಗ ಹಂಚಿಕೆ ನೋಡಿಕೊಳ್ಳುವ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ಬರೆಸಿ ಕಾಯಬೇಕು. 2024ರ ಮಾರ್ಚಿನಲ್ಲಿ ಬೋಸ್ಟನ್ನಿನ ವೈದ್ಯರು 69 ಕಡೆ ಜೀನ್ ತಿದ್ದಿದ ಹಂದಿಯ ಕಿಡ್ನಿಯನ್ನು ಬದುಕಿರುವ ಮನುಷ್ಯನಿಗೆ ಕಸಿ ಮಾಡಿದರು. ಆ ರೋಗಿ ಸುಮಾರು ಎರಡು ತಿಂಗಳ ನಂತರ ತೀರಿಕೊಂಡರು. ಆಮೇಲೆ ಕಸಿಯಾದ ಇನ್ನೊಬ್ಬರಲ್ಲಿ ಅದು ಎಂಟು ತಿಂಗಳಿಗಿಂತ ಜಾಸ್ತಿ ಕೆಲಸ ಮಾಡಿತು. ಸದ್ಯಕ್ಕೆ ನಮ್ಮಲ್ಲಿ ಹೆಚ್ಚಿನ ಕಿಡ್ನಿ ಬರುವುದು ಮನೆಯವರಿಂದ. ಕೊಡುವವರಲ್ಲಿ ಹೆಂಡತಿ, ತಾಯಿಯರೇ ಜಾಸ್ತಿ. ಪಡೆಯುವವರಲ್ಲಿ ಗಂಡಸರೇ ಜಾಸ್ತಿ. ಇದು ಸರಿಯಲ್ಲ. ಕನಿಷ್ಠ ಕೊಟ್ಟವರ ಬಿಪಿ, ಮೂತ್ರ, ಕ್ರಿಯೇಟಿನಿನ್ ಅನ್ನು ವರ್ಷಕ್ಕೊಮ್ಮೆ ಮನೆಯವರು ಪರೀಕ್ಷೆ ಮಾಡಿಸಲಿ.

ಕಸಿಯಾದ ಮೇಲೆ ಊಟದ ನಿಯಮ ಮತ್ತೊಮ್ಮೆ ಬದಲಾಗುತ್ತದೆ. ಪೊಟ್ಯಾಸಿಯಂ, ನೀರಿನ ಕಟ್ಟು ಸಾಮಾನ್ಯವಾಗಿ ಸಡಿಲವಾಗುತ್ತದೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್ ಎಂಬ ಮಾತ್ರೆ ದಿನಾ ನುಂಗಬೇಕು. ಕರುಳು ಮತ್ತು ಲಿವರಿನ ಒಂದು ಕಿಣ್ವ ಆ ಔಷಧಿಯನ್ನು ಒಡೆದುಹಾಕುತ್ತದೆ. ಗ್ರೇಪ್‌ಫ್ರೂಟ್ ಮತ್ತು ಅದರ ಬಳಗದ ಚಕ್ಕೋತದಲ್ಲಿರುವ ಪದಾರ್ಥಗಳು ಆ ಕಿಣ್ವಕ್ಕೆ ಅಡ್ಡ ಬರುತ್ತವೆ. ಮಾತ್ರೆ ರಕ್ತದಲ್ಲಿ ಮಿತಿಮೀರಿ ಏರುತ್ತದೆ, ಏರಿದ ಟ್ಯಾಕ್ರೊಲಿಮಸ್ ಹೊಸ ಕಿಡ್ನಿಗೇ ಏಟು ಕೊಡುತ್ತದೆ. ಏರ್‌ಪೋರ್ಟ್ ರಸ್ತೆಯಲ್ಲಿ ರಾಶಿ ಹಾಕಿ ಮಾರುವ ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ರುಚಿಯೂ ಇದೆ. ಕಸಿಯಾದವರ ಮನೆಗೆ ಹೋಗುವಾಗ ಅದನ್ನು ಕೊಂಡುಹೋಗಬೇಡಿ. ಸೇಬು ತೊಳೆದು ಕೊಡಿ.