ಚಿತ್ರ ಅಭಿಪ್ರಾಯವೋ, ಕೃತ್ಯವೋ: ಫ್ರಾನ್ಸಿನ ಹಳೇ ತಕರಾರು

ಫ್ರಾನ್ಸಿನಲ್ಲಿ ವ್ಯಂಗ್ಯಚಿತ್ರದ ಬಗ್ಗೆ ಗಲಾಟೆ ಎದ್ದಾಗಲೆಲ್ಲ 1881ರ ಪತ್ರಿಕಾ ಕಾಯ್ದೆಯ ಮಾತು ಬರುತ್ತದೆ. ಆ ಕಾಯ್ದೆ ಯಾಕೆ ಬೇಕಾಯಿತು ಅಂತ ತಿಳಿಯಬೇಕಾದರೆ ಇನ್ನೂ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ದೊಡ್ಡವರನ್ನು ಚಿತ್ರ ಬರೆದು ಗೇಲಿ ಮಾಡುವುದು ಆಗಲೇ ಹಳೇ ಕಸುಬು. ಲೂಥರನ ಕಾಲದ ಜರ್ಮನಿಯಲ್ಲಿ ಮರದಚ್ಚಿನ ಚಿತ್ರಗಳು ಪೋಪ್‌ನ ಮಾನ ಕಳೆದವು. ಲಂಡನ್ನಿನ ಗಿಲ್‌ರೇ ರಾಜನನ್ನೂ ಮಂತ್ರಿಗಳನ್ನೂ ತಾಮ್ರದ ತಗಡಿಗಿಳಿಸಿದ. ಆದರೆ ತಗಡಿನ ಕೆಲಸ ನಿಧಾನ. ಒತ್ತಿದಷ್ಟೂ ಗೆರೆ ಸವೆಯುತ್ತದೆ.

ಹದಿನೆಂಟನೇ ಶತಮಾನದ ಕೊನೆಗೆ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು ಈ ತೊಡಕು ಬಿಡಿಸಿತು. (ನಮ್ಮ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲೇ.) ಬವೇರಿಯಾದ ಸುಣ್ಣಕಲ್ಲಿನ ಚಪ್ಪಡಿಗೆ ಮರಳು, ನೀರು ಹಾಕಿ ಇನ್ನೊಂದು ಕಲ್ಲಿನಿಂದ ಉಜ್ಜಿ ಸಣ್ಣ ತರಿ ಬರಿಸುತ್ತಾರೆ. ಮೇಣ, ಸಾಬೂನು, ಕೊಬ್ಬು, ಮಸಿ ಸೇರಿಸಿ ಮಾಡಿದ ಜಿಡ್ಡಿನ ಕಡ್ಡಿಯಲ್ಲಿ ಕಲಾವಿದ ಕಲ್ಲಿನ ಮೇಲೇ ಎಡಬಲ ತಿರುವಿ ಬರೆಯುತ್ತಾನೆ. ಆಮೇಲೆ ಗೋಂದಿಗೆ ತುಸು ನೈಟ್ರಿಕ್ ಆಮ್ಲ ಬೆರೆಸಿ ಸವರಿದರೆ, ಬರೆದ ಜಾಗ ಶಾಯಿ ಹಿಡಿಯುತ್ತದೆ, ಬರೆಯದ ಜಾಗ ನೀರು ಹಿಡಿಯುತ್ತದೆ. ಆಮ್ಲ ಹೆಚ್ಚಾದರೆ ತೆಳು ಛಾಯೆ ಮಾಯ. ಒದ್ದೆ ಕಮ್ಮಿಯಾದರೆ ಚಿತ್ರವೆಲ್ಲ ಕಪ್ಪು. ಬರಿಗೈಲಿ ಮುಟ್ಟಿದರೆ ಬೆರಳಿನ ಜಿಡ್ಡೂ ಅಚ್ಚಾಗುತ್ತದೆ. ಎಚ್ಚರದಿಂದ ಒತ್ತಿದರೆ ಒಂದೇ ಕಲ್ಲಿನಿಂದ ಸಾವಿರಾರು ಪ್ರತಿ.

1830ರ ಜುಲೈ ಕ್ರಾಂತಿಯಿಂದ ಲೂಯಿ ಫಿಲಿಪ್ ಪಟ್ಟಕ್ಕೆ ಬಂದ. ಸೆನ್ಸಾರ್ ಇನ್ನೆಂದೂ ಇಲ್ಲ ಎಂದು ಹೊಸ ಸನ್ನದು, ಅಂದರೆ ಆಗಿನ ಸಂವಿಧಾನ, ಸಾರಿತು. ನವೆಂಬರ್‌ನಲ್ಲೇ ಶಾರ್ಲ್ ಫಿಲಿಪೋಂ ‘ಲಾ ಕಾರಿಕಾತ್ಯೂರ್’ ವಾರಪತ್ರಿಕೆ ಹೊರಡಿಸಿದ. ಮರುವರ್ಷ ರಾಜನನ್ನು ಅವಮಾನಿಸಿದ ಆರೋಪ ಬಂದಾಗ ನ್ಯಾಯಾಲಯದಲ್ಲೇ ನಾಲ್ಕು ಚಿತ್ರ ಬರೆದು, ರಾಜನ ಮುಖ ಹಂತಹಂತವಾಗಿ ಪೇರ್‌ಹಣ್ಣಾಗುವುದನ್ನು ತೋರಿಸಿದ: ಹೋಲಿಕೆಯೇ ಅಪರಾಧವಾದರೆ ಹಣ್ಣನ್ನೂ ಹಿಡಿದು ಹಾಕಬೇಕಲ್ಲ? ವಾದ ಸೊಗಸಾಗಿತ್ತು, ಸಿಕ್ಕಿದ್ದು ಆರು ತಿಂಗಳ ಜೈಲು, 2000 ಫ್ರಾಂಕ್ ದಂಡ. ಗೋಡೆಗೋಡೆಯ ಮೇಲೂ ಆ ಹಣ್ಣು ಮೂಡಿತು.

ಫಿಲಿಪೋಂನ ಬಳಗದ ಚಿತ್ರಕಾರ ಡೋಮಿಯೇ ರಾಜನನ್ನು ಹಳೇ ಕಥೆಯ ಹೊಟ್ಟೆಬಾಕ ದೈತ್ಯನಾಗಿಸಿ ಬರೆದ ‘ಗಾರ್ಗಾಂತ್ಯುವಾ’ದಲ್ಲಿ ಬಡವರ ಕಾಸಿನ ಬುಟ್ಟಿಗಳು ಹಲಗೆ ಹತ್ತಿ ರಾಜನ ಬಾಯಿಗೆ ಬೀಳುತ್ತವೆ, ಆಸನದಡಿಯಿಂದ ಹುದ್ದೆ, ಬಿರುದುಗಳ ಪತ್ರಗಳು ಉದುರುತ್ತವೆ. ಆತನಿಗೂ ಆರು ತಿಂಗಳು, 500 ಫ್ರಾಂಕ್. ಜೊತೆಗೆ ಮುದ್ರಕನೂ ಅಂಗಡಿಯವನೂ ಕಟಕಟೆ ಹತ್ತಬೇಕಾಯಿತು. ನಿಜವಾದ ಪೆಟ್ಟು ಇದು. ಕಲಾವಿದ ಜೈಲಿಂದ ಬಂದು ಮತ್ತೆ ಬರೆದಾನು; ಪರವಾನಗಿ ಕಳೆದುಕೊಂಡ ಮುದ್ರಕ ಏನು ಮಾಡಬೇಕು? ಭಾರದ ಕಲ್ಲನ್ನು ಬಚ್ಚಿಡುವುದೂ ಸುಲಭವಲ್ಲ.

ದಂಡ ಕಟ್ಟಲೆಂದೇ ಫಿಲಿಪೋಂ 1832ರ ಆಗಸ್ಟ್‌ನಿಂದ ಚಂದಾದಾರರಿಗೆ ತಿಂಗಳಿಗೊಂದು ದೊಡ್ಡ ಚಿತ್ರ ಕೊಡತೊಡಗಿದ. ಒಟ್ಟು 24 ಬಂದವು. ಅವುಗಳಲ್ಲೊಂದು ಡೋಮಿಯೇಯ ‘ರ‍್ಯೂ ಟ್ರಾನ್ಸ್‌ನೊನೇನ್’. 1834ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಆ ಹೆಸರಿನ ಬೀದಿಯಲ್ಲಿ ಸೈನಿಕರು ಮನೆಯೊಂದಕ್ಕೆ ನುಗ್ಗಿ ನಿವಾಸಿಗಳನ್ನು ಕೊಂದದ್ದು ಅದರ ವಸ್ತು. ಅದರಲ್ಲಿ ನಗೆಯಿಲ್ಲ, ಉತ್ಪ್ರೇಕ್ಷೆಯಿಲ್ಲ. ರಾತ್ರಿಯುಡುಪಿನ ಹೆಣ, ಅದರಡಿ ಮಗು. ಪೊಲೀಸರು ಕಲ್ಲನ್ನೇ ಹೊತ್ತೊಯ್ದರು.

1835ರ ಜುಲೈ 28ರಂದು ರಾಜನ ಮೇಲೆ ಗುಂಡಿನ ದಾಳಿಯಾಯಿತು. ಸೆಪ್ಟೆಂಬರ್ 9ಕ್ಕೆ ಹೊಸ ಕಾಯ್ದೆ ಬಂತು. ಸನ್ನದು ಅಭಿಪ್ರಾಯಕ್ಕೆ ಮಾತ್ರ ರಕ್ಷಣೆ ಕೊಟ್ಟಿದೆ, ಚಿತ್ರವಾದರೋ ಕಣ್ಣಿಗೆ ನೇರ ನಾಟುವ ಕೃತ್ಯ ಎಂಬುದು ಅದರ ತರ್ಕ. ಓದು ಬಾರದವನಿಗೂ ಅರ್ಥವಾಗುತ್ತದೆ ಎಂಬುದೇ ಚಿತ್ರದ ಅಪರಾಧವಾಯಿತು ಅನ್ನಬಹುದು. ಇನ್ನು ಮೇಲೆ ಪ್ಯಾರಿಸ್ಸಿನಲ್ಲಿ ಗೃಹಮಂತ್ರಿಯ, ಜಿಲ್ಲೆಗಳಲ್ಲಿ ಪ್ರಿಫೆಕ್ಟ್ ಎಂಬ ಜಿಲ್ಲಾಧಿಕಾರಿಯ ಒಪ್ಪಿಗೆಯಿಲ್ಲದೆ ಯಾವ ಚಿತ್ರವನ್ನೂ ಮಾರುವಂತಿಲ್ಲ. ಪ್ಯಾರಿಸ್ಸಿನ ದಿನಪತ್ರಿಕೆಗಳು ಸರ್ಕಾರದಲ್ಲಿ ಇಡಬೇಕಿದ್ದ ಠೇವಣಿ 1,00,000 ಫ್ರಾಂಕ್‌ಗೆ ಏರಿತು. ‘ಲಾ ಕಾರಿಕಾತ್ಯೂರ್’ ಆಗಸ್ಟ್‌ನಲ್ಲೇ ಮುಚ್ಚಿತ್ತು. ಡೋಮಿಯೇ ವಕೀಲರು, ಮನೆಮಾಲೀಕರು, ರೋಬೇರ್ ಮಾಕೇರ್ ಎಂಬ ಠಕ್ಕನ ಕಡೆ ತಿರುಗಿದ. ರಾಜ ಮರೆಯಾದ, ರಾಜ್ಯವನ್ನು ನಡೆಸುತ್ತಿದ್ದ ದುಡ್ಡು ಇನ್ನೂ ಚೆನ್ನಾಗಿ ಕಂಡಿತು.

1848ರಲ್ಲಿ ಈ ಕಟ್ಟು ಸಡಿಲಿತು, 1852ರಲ್ಲಿ ಬಿಗಿಯಿತು, 1870ರ ನಂತರವೂ ಹಾಗೇ ಜಗ್ಗಾಡಿತು. 1881ರ ಜುಲೈ 29ರ ಕಾಯ್ದೆ ಪೂರ್ವಾನುಮತಿಯನ್ನು ಕಿತ್ತುಹಾಕಿತು. ಅಧ್ಯಕ್ಷರನ್ನು ಅವಮಾನಿಸುವುದು ಅಪರಾಧ ಎಂಬ ಕಲಂ ಮಾತ್ರ ಅದೇ ಕಾಯ್ದೆಯಲ್ಲಿ ಉಳಿಯಿತು. ಅದು ರದ್ದಾದದ್ದು 2013ರಲ್ಲಿ.