ಮೊದಲು ಮುಟ್ಟಿದ್ದು ಯಾರು?

ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಪಿನಲ್ಲಿ ಒಂದು ಕಪಿಲೆ ಬಾವಿ ಇತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಕಪಿಲೆ ಹೋಗಿ ಪಂಪ್‌ಸೆಟ್ ಬಂದಿತ್ತು, ಹೆಸರು ಮಾತ್ರ ಉಳಿದಿತ್ತು. ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿಕೊಂಡು ನಾವೆಲ್ಲ ಈಜು ಕಲಿತದ್ದು ಅಲ್ಲೇ. ಕಲಿತ ಮೇಲೆ ಪಂದ್ಯ. ಈ ಗೋಡೆಯಿಂದ ಆ ಗೋಡೆಗೆ. ಗೆದ್ದವನಿಗೆ ಒಂದು ಬಾದಾಮಿ ಮಾವಿನ ಹಣ್ಣು. ತೀರ್ಪು ತಾತನದು. ಅವರು ದಡದಲ್ಲಿ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದರು. ದಿನವೂ ಜಗಳ. "ನಾನು ಮೊದಲು ಮುಟ್ಟಿದ್ದು ತಾತ!" "ಸುಳ್ಳು ಹೇಳ್ತಾನೆ ತಾತ!"

ಇದೇ ಜಗಳ ಒಲಿಂಪಿಕ್ಸಿನಲ್ಲೂ ಆಗಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

1960, ರೋಮ್. ಪುರುಷರ 100 ಮೀಟರ್ ಫ್ರೀಸ್ಟೈಲ್ ಈಜಿನ ಫೈನಲ್. ಆಸ್ಟ್ರೇಲಿಯಾದ ಜಾನ್ ಡೆವಿಟ್, ಅಮೆರಿಕದ ಲ್ಯಾನ್ಸ್ ಲಾರ್ಸನ್ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಗೋಡೆ ಮುಟ್ಟಿದರು. ಒಬ್ಬೊಬ್ಬರಿಗೂ ಮೂರು ಮೂರು ಸ್ಟಾಪ್‌ವಾಚ್. ಡೆವಿಟ್‌ನ ಮೂರರಲ್ಲೂ 55.2 ಸೆಕೆಂಡ್. ಲಾರ್ಸನ್‌ನದು 55.0, 55.1, 55.1. ಹಾಗಾದರೆ ಲಾರ್ಸನ್ ಗೆದ್ದ, ಅಲ್ವಾ? ಚಿನ್ನ ಸಿಕ್ಕಿದ್ದು ಡೆವಿಟ್‌ಗೆ.

ಆಗ ಗಡಿಯಾರಕ್ಕಿಂತ ಕಣ್ಣಿಗೇ ಬೆಲೆ ಜಾಸ್ತಿ. ಮೊದಲು ಬಂದವನನ್ನು ಗುರುತಿಸಲು ಮೂವರು ತೀರ್ಪುಗಾರರು, ಎರಡನೆಯವನನ್ನು ಗುರುತಿಸಲು ಬೇರೆ ಮೂವರು. ಮೊದಲ ಗುಂಪಿನಲ್ಲಿ ಇಬ್ಬರು "ಡೆವಿಟ್ ಮೊದಲು" ಅಂದರು. ಎರಡನೇ ಗುಂಪಿನಲ್ಲಿ ಇಬ್ಬರು "ಡೆವಿಟ್ ಎರಡನೆಯವನು" ಅಂದರು! ಒಟ್ಟು ಸೇರಿಸಿದರೆ ಮೂರಕ್ಕೆ ಮೂರು. ಕೊನೆಗೆ ಮುಖ್ಯ ತೀರ್ಪುಗಾರ ಡೆವಿಟ್ ಪರ ನಿಂತರು. ಲಾರ್ಸನ್‌ನ ಸಮಯವನ್ನೂ 55.2 ಅಂತಲೇ ದಾಖಲಿಸಿದರು. ನಮ್ಮ ತಾತನಿಗೂ ಇಷ್ಟು ಧೈರ್ಯ ಇರಲಿಲ್ಲ.

ಆ ತೀರ್ಪುಗಾರರ ಕಣ್ಣು ಕೆಟ್ಟಿರಲಿಲ್ಲ ಬಿಡಿ. ಓಟದಲ್ಲಾದರೆ ಎದೆ ಗೆರೆ ದಾಟುವುದು ಎಲ್ಲರಿಗೂ ಕಾಣುತ್ತದೆ. ಈಜಿನಲ್ಲಿ ಬೆರಳ ತುದಿ ಗೋಡೆ ಮುಟ್ಟುವ ಕ್ಷಣವೇ ನೀರು ಚಿಮ್ಮುತ್ತದೆ, ನೊರೆ ಏಳುತ್ತದೆ. ಕೈ ಒಂದು ಗೇಣು ಕೆಳಗಿದ್ದರೆ ಮುಗಿಯಿತು, ಮೇಲಿಂದ ನೋಡುವವನಿಗೆ ಏನೂ ತಿಳಿಯದು. ಜೊತೆಗೆ ಬೆಳಕು ನೀರಿನಿಂದ ಹೊರಬರುವಾಗ ಬಾಗುತ್ತದೆ. ಕೈ ಇರುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಇನ್ನು ಗುಂಡಿ ಒತ್ತುವ ಬೆರಳನ್ನೂ ಪೂರ್ತಿ ನಂಬುವ ಹಾಗಿಲ್ಲ. ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ರೋಮ್‌ನ ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಅಂದರೂ 18 ಸೆಂಟಿಮೀಟರ್. ಹತ್ತಿರ ಹತ್ತಿರ ಒಂದು ಗೇಣು!

ಮನುಷ್ಯನನ್ನು ಬಿಟ್ಟು ಗೋಡೆಯನ್ನೇ ಕೇಳಿದರೆ? ಈ ಯೋಚನೆ ನಮಗೂ ಬಂದಿತ್ತು. ಹಟ್ಟಿಯಲ್ಲಿ ನೇತುಹಾಕಿದ್ದ ಎತ್ತಿನ ಕೊರಳ ಗಂಟೆ ಎರಡನ್ನು ತಂದು, ಹಗ್ಗ ಕಟ್ಟಿ, ಬಾವಿಯ ಗೋಡೆಗೆ ನೀರಿನ ಮಟ್ಟದಲ್ಲಿ ಇಳಿಬಿಟ್ಟೆವು. ಯಾರ ಗಂಟೆ ಮೊದಲು ಬಡಿಯುತ್ತೋ ಅವರದ್ದು ಹಣ್ಣು. ಮೇಲಿಂದ ಡೈ ಹೊಡೆದೆವು. ನಾವಿನ್ನೂ ಬಾವಿಯ ನಡುವೆ ಇದ್ದೇವೆ, ಎರಡೂ ಗಂಟೆ ಢಣಢಣ ಅನ್ನುತ್ತಿವೆ. ನಮಗಿಂತ ಮುಂಚೆ ನಮ್ಮ ಅಲೆಯೇ ಗೋಡೆ ಮುಟ್ಟಿತ್ತು. ತಾತ ನಕ್ಕು ನಕ್ಕು ಕೆಮ್ಮಿದರು.

ಎಂಜಿನಿಯರುಗಳಿಗೂ ಎದುರಾಗಿದ್ದು ಇದೇ ತೊಡಕು. ಅಲೆಗೆ ಅಲುಗಾಡಬಾರದು, ಬೆರಳಿಗೆ ಎಚ್ಚರವಾಗಬೇಕು. 1968ರ ಮೆಕ್ಸಿಕೊ ಒಲಿಂಪಿಕ್ಸ್ ಹೊತ್ತಿಗೆ ಉತ್ತರ ಸಿಕ್ಕಿತ್ತು, ಟಚ್‌ಪ್ಯಾಡ್. ಗೋಡೆಗೆ ಅಂಟಿಕೊಂಡು ನಿಲ್ಲುವ ಹಲಗೆ, ದಪ್ಪ ಹೆಚ್ಚೆಂದರೆ ಒಂದು ಸೆಂಟಿಮೀಟರ್. 30 ಸೆಂಟಿಮೀಟರ್ ನೀರಿನ ಮೇಲೆ, 60 ಕೆಳಗೆ. ಅಲೆ ಬಂದರೆ ಒತ್ತಡ ಹಲಗೆಯ ತುಂಬಾ ಹರಡಿಬಿಡುತ್ತದೆ. ಬೆರಳು ಒಂದೇ ಕಡೆ ಚುಚ್ಚುತ್ತದೆ. ಅಲ್ಲಿ ಒಂದೆರಡು ಕಿಲೋ ತೂಕದಷ್ಟು ಒತ್ತಿದರೆ ಒಳಗಿನ ಸಂಪರ್ಕ ಕೂಡಿಕೊಂಡು ಗಡಿಯಾರ ನಿಲ್ಲುತ್ತದೆ. ಸುಮ್ನೆ ಸವರಿದರೆ ನಿಲ್ಲುವುದಿಲ್ಲ. ಅದಕ್ಕೇ ಈಜುಗಾರರು ಕೊನೆಯಲ್ಲಿ ಗೋಡೆಯನ್ನು ಗುದ್ದುವ ಹಾಗೆ ಮುಟ್ಟುವುದು.

ಇಷ್ಟಾದ ಮೇಲೆ ಜಗಳ ಮುಗಿಯಬೇಕಿತ್ತು. ಆದರೆ ಯಂತ್ರ ಅತಿಜಾಣ ಆಯಿತು. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ಮೆಡ್ಲಿ, ಅಂದರೆ ನಾಲ್ಕು ಬಗೆಯ ಈಜು ಸೇರಿದ ಪಂದ್ಯ. ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕೀಯನ್ನು ಸೋಲಿಸಿದ್ದು 0.002 ಸೆಕೆಂಡಿನಲ್ಲಿ. ದೂರ ಲೆಕ್ಕ ಹಾಕಿ, ಮೂರು ಮಿಲಿಮೀಟರ್. ರಾಗಿ ಕಾಳು ಎರಡು ಜೋಡಿಸಿಟ್ಟರೆ ಆಯಿತು. ಆದರೆ 50 ಮೀಟರ್ ಕೊಳ ಕಟ್ಟುವಾಗ ಮೂರು ಸೆಂಟಿಮೀಟರ್ ಉದ್ದ ಜಾಸ್ತಿಯಾದರೂ ನಿಯಮ ಒಪ್ಪುತ್ತದೆ. ಗಾರೆ ಕೆಲಸದವರು ಒಂದು ಲೇನ್‌ನ ಗೋಡೆಗೆ ಒಂದು ಕರಣೆ ಗಾರೆ ಕಡಿಮೆ ಮೆತ್ತಿದ್ದರೆ ಚಿನ್ನ ಬೆಳ್ಳಿಯಾಗಬಹುದು! ಹಾಗಾಗಿ ಆಮೇಲೆ ಸಾವಿರದ ಲೆಕ್ಕ ಬಿಟ್ಟು, ಸೆಕೆಂಡಿನ ನೂರನೇ ಭಾಗಕ್ಕೇ ನಿಲ್ಲಿಸಿದರು. ಗೊತ್ತಿದ್ದೂ ಕಣ್ಣು ಮುಚ್ಚಿಕೊಳ್ಳುವ ಈ ನಿಯಮ ನನಗಂತೂ ಬಹಳ ಇಷ್ಟ.

ನೂರನೇ ಭಾಗವೂ ಏನು ಕಡಿಮೆಯಲ್ಲ. 2024ರ ಪ್ಯಾರಿಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರನ್ನು 46.40 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ. ಆ ವೇಗದಲ್ಲಿ ಸೆಕೆಂಡಿನ ನೂರನೇ ಭಾಗ ಅಂದರೆ ಎರಡು ಸೆಂಟಿಮೀಟರ್ ಚಿಲ್ಲರೆ. ಅದರಲ್ಲೂ ವ್ಯತ್ಯಾಸ ಕಾಣದಿದ್ದರೆ ಇಬ್ಬರೂ ಗೆದ್ದ ಹಾಗೆ. 2000ದ ಸಿಡ್ನಿಯಲ್ಲಿ ಪುರುಷರ 50 ಮೀಟರ್ ಫ್ರೀಸ್ಟೈಲ್ ಹಾಗೇ ಮುಗಿಯಿತು. ಆಂಥನಿ ಎರ್ವಿನ್, ಗ್ಯಾರಿ ಹಾಲ್ ಜೂನಿಯರ್, ಇಬ್ಬರದೂ 21.98. ಎರಡು ಚಿನ್ನ ಕೊಟ್ಟರು.

ಗಂಟೆ ಕೆಟ್ಟ ದಿನ ನಮ್ಮ ತಾತನೂ ಸಮ ಅಂತಲೇ ತೀರ್ಪು ಕೊಟ್ಟಿದ್ದರು. ಆದರೆ ಹಣ್ಣು ಒಂದೇ. ಸೊಂಟದ ಚಾಕು ತೆಗೆದು ಕೊಯ್ದು ಆಚೆ ಹೋಳು ನನ್ನ ಜೊತೆ ಈಜಿದವನಿಗೆ, ಈಚೆ ಹೋಳು ನನಗೆ ಕೊಟ್ಟರು. ಓಟೆ ಅವರೇ ಚೀಪಿದರು.