ಮೂರು ದರ ಕೂಡಿ ಮೂರರಿಂದ ಭಾಗಿಸಿದರೆ ಲೆಕ್ಕ ಯಾಕೆ ತಪ್ಪುತ್ತದೆ?

ಪ್ರಶ್ನೆ: ಮಂಡ್ಯದಲ್ಲಿ ಚಿಕ್ಕದಾಗಿ ಬೆಲ್ಲದ ವ್ಯಾಪಾರ ಮಾಡ್ತೀನಿ ಸರ್. ಕ್ವಿಂಟಾಲ್‌ಗೆ 4,200ರಂತೆ 2 ಕ್ವಿಂಟಾಲ್, 4,800ರಂತೆ 3, ಆಮೇಲೆ ರೇಟು ಏರಿದಾಗ 5,100ರಂತೆ 10 ಕ್ವಿಂಟಾಲ್ ತಗೊಂಡೆ. ಮೂರೂ ದರ ಕೂಡಿ ಮೂರರಿಂದ ಭಾಗಿಸಿದರೆ 4,700 ಬಂತು. ಅಷ್ಟನ್ನೂ 4,800ಕ್ಕೆ ಮಾರಿದೆ. 1,500 ರೂಪಾಯಿ ಉಳಿಯಬೇಕಿತ್ತು, ಬದಲಿಗೆ ಕೈಯಿಂದ 1,800 ಹೋಗಿದೆ. ಯಾರಾದರೂ ದುಡ್ಡು ಎತ್ತಿದ್ದಾರಾ?

ಉತ್ತರ: ಯಾರೂ ಎತ್ತಿಲ್ಲ, ಅಂಗಡಿ ಹುಡುಗನನ್ನು ಬೈಯಬೇಡಿ. ಎಷ್ಟೆಷ್ಟು ಕ್ವಿಂಟಾಲ್ ಅನ್ನೋದನ್ನು ನೀವು ಪ್ರಶ್ನೆಯಲ್ಲಿ ಬರೆದಿದ್ದೀರಿ, ಲೆಕ್ಕದಲ್ಲಿ ಬಿಟ್ಟಿದ್ದೀರಿ. 2 ಕ್ವಿಂಟಾಲ್‌ನ ದರಕ್ಕೂ 10 ಕ್ವಿಂಟಾಲ್‌ನ ದರಕ್ಕೂ ಒಂದೇ ಮಹತ್ವ ಕೊಟ್ಟುಬಿಟ್ಟಿದ್ದೀರಿ.

ಸರಿಯಾದ ಲೆಕ್ಕ ಹೀಗೆ. ಪ್ರತಿ ಲಾಟ್‌ಗೂ ದರವನ್ನು ಕ್ವಿಂಟಾಲ್‌ನಿಂದ ಗುಣಿಸಿ. 8,400, 14,400, 51,000. ಒಟ್ಟು 73,800. ಇದನ್ನು ಒಟ್ಟು ಕ್ವಿಂಟಾಲ್‌ನಿಂದ, ಅಂದರೆ 15ರಿಂದ ಭಾಗಿಸಿ. 4,920 ಬರುತ್ತದೆ. ನಿಮ್ಮ ಅಸಲು ಇದು. ಇದಕ್ಕೇ ತೂಕದ ಸರಾಸರಿ, ವೆಯ್ಟೆಡ್ ಆವರೇಜ್ ಅನ್ನೋದು. 4,800ಕ್ಕೆ ಮಾರಿದಾಗ ಕ್ವಿಂಟಾಲ್‌ಗೆ 120 ಹೋಯಿತು. ಹದಿನೈದು ಕ್ವಿಂಟಾಲ್‌ಗೆ 1,800. ಲೆಕ್ಕ ಕೂತಿತು, ಅಲ್ವಾ?

ಮೂರು ಲಾಟೂ ಐದೈದು ಕ್ವಿಂಟಾಲ್ ಆಗಿದ್ದರೆ ನಿಮ್ಮ 4,700 ಸರಿಯಾಗೇ ಇರುತ್ತಿತ್ತು. ಆದರೆ ರೇಟು ಏರಿದಾಗ ‘ಇನ್ನೂ ಏರುತ್ತೇನೋ’ ಅಂತ ಜಾಸ್ತಿ ಕೊಂಡಿಡುವುದು ವ್ಯಾಪಾರದವರ ಅಭ್ಯಾಸ. ಆಗ ನಿಜವಾದ ಅಸಲು ಸಾದಾ ಸರಾಸರಿಗಿಂತ ಮೇಲೇ ಇರುತ್ತದೆ.

ಇನ್ನೊಂದು ವಿಷಯ. ಬೆಲ್ಲ ಮಳೆಗಾಲದಲ್ಲಿ ತೇವ ಹೀರಿ ಕರಗುವ ಮಾಲು. ಅರ್ಧ ಕ್ವಿಂಟಾಲ್ ಹಾಳಾಯಿತು ಅಂತಿಟ್ಟುಕೊಳ್ಳಿ. ಕೊಟ್ಟ ದುಡ್ಡು ಅದೇ 73,800, ಮಾರಲು ಇರೋದು 14.5 ಕ್ವಿಂಟಾಲ್. ಅಸಲು ಸುಮಾರು 5,090ಕ್ಕೆ ಏರಿತು. ಹಮಾಲಿ, ಗಾಡಿ ಬಾಡಿಗೆ ಕೊಟ್ಟಿದ್ದರೆ ಅದನ್ನೂ ಮೇಲಿನ ಮೊತ್ತಕ್ಕೆ ಸೇರಿಸಿಯೇ ಭಾಗಿಸಬೇಕು.

ಸ್ಟಾಕ್ ಸ್ವಲ್ಪ ಉಳಿದಿರುವಾಗ ಹೊಸ ಲಾಟ್ ಬಂದರೂ ಇದೇ ದಾರಿ. 4,920 ಅಸಲಿನ 5 ಕ್ವಿಂಟಾಲ್ ಉಳಿದಿದೆ, 4,500ರಂತೆ 10 ಕ್ವಿಂಟಾಲ್ ಬಂತು. ಹೊಸ ಅಸಲು 4,640. ಎರಡನ್ನೂ ಸುಮ್ನೆ ಕೂಡಿ ಎರಡರಿಂದ ಭಾಗಿಸಿದರೆ 4,710 ಬಂದು ಮತ್ತೆ ಅದೇ ತಾಪತ್ರಯ. ಕಂಪ್ಯೂಟರ್‌ನಲ್ಲಿ ಬರೆದಿಡುವವರು ಪ್ರತಿ ದರವನ್ನೂ ಅದರ ಕ್ವಿಂಟಾಲ್‌ನಿಂದ ಗುಣಿಸಿ ಕೂಡಿಕೊಡುವ ಎಕ್ಸೆಲ್‌ನ ‘ಸಮ್‌ಪ್ರಾಡಕ್ಟ್’ ಸೂತ್ರ ಹಾಕಿ, ಬಂದದ್ದನ್ನು ಒಟ್ಟು ಕ್ವಿಂಟಾಲ್‌ನಿಂದ ಭಾಗಿಸಿದರೆ ಸಾಕು.

ಹಾಗಾದರೆ ಯಾವಾಗ ಯಾವುದರಿಂದ ಗುಣಿಸಬೇಕು? ಜನ ಎಡವೋದು ಇಲ್ಲೇ. ನನ್ನ ಪ್ರಕಾರ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಅಂಕಿ ಎಷ್ಟಕ್ಕೆ ಲೆಕ್ಕ ಹಾಕಿದ್ದು? ದರ ಕ್ವಿಂಟಾಲ್‌ಗೆ ಇದ್ದರೆ ಕ್ವಿಂಟಾಲ್‌ನಿಂದ ಗುಣಿಸಿ. ಬಡ್ಡಿ ನೂರು ರೂಪಾಯಿಗೆ ಇದ್ದರೆ ಸಾಲದ ಮೊತ್ತದಿಂದ.

ಸಾಲದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬ್ಯಾಂಕಿನಲ್ಲಿ ಒಡವೆ ಇಟ್ಟು ವರ್ಷಕ್ಕೆ ಶೇ. 9ರಂತೆ 2 ಲಕ್ಷ, ಊರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ 50 ಸಾವಿರ ಕೈಸಾಲ ಇದೆ ಅನ್ನಿ. ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ. 36. ಬ್ಯಾಂಕಿಗೆ ವರ್ಷದ ಬಡ್ಡಿ 18,000, ಕೈಸಾಲಕ್ಕೂ 18,000. ಎರಡೂವರೆ ಲಕ್ಷಕ್ಕೆ 36,000, ಅಂದರೆ ಶೇ. 14.4. ಸಾದಾ ಸರಾಸರಿ ಶೇ. 22.5 ತೋರಿಸಿ ಸುಮ್ನೆ ಹೆದರಿಸುತ್ತದೆ. ಆದರೆ 14.4 ಅಂತ ನೆಮ್ಮದಿಯಿಂದ ಕೂರಬೇಡಿ. ಸಾಲದ ಐದನೇ ಒಂದು ಪಾಲು ಅರ್ಧ ಬಡ್ಡಿ ತಿನ್ನುತ್ತಿದೆ! ಇದನ್ನು ಸರಾಸರಿ ಹೇಳಲ್ಲ, ಭಾಗಿಸುವ ಮೊದಲಿನ ಆ ಎರಡು 18,000ಗಳು ಹೇಳುತ್ತವೆ. ಕೈಗೆ ದುಡ್ಡು ಬಂದರೆ ಮೊದಲು ತೀರಿಸಬೇಕಾದ್ದು ಕೈಸಾಲವನ್ನೇ.

ಮ್ಯೂಚುವಲ್ ಫಂಡ್‌ನ ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಇಂತಿಷ್ಟು ಅಂತ ದುಡ್ಡು ಹಾಕುವ ಕ್ರಮ, ಮಾತ್ರ ಸ್ವಲ್ಪ ಮೋಸ ಮಾಡುತ್ತದೆ. ಎರಡು ತಿಂಗಳೂ 5,000 ಹಾಕಿದಿರಿ. ಒಮ್ಮೆ ಯೂನಿಟ್‌ಗೆ 50 ರೂಪಾಯಿ, ಇನ್ನೊಮ್ಮೆ 40. ಹಾಕಿದ ದುಡ್ಡು ಸಮ ಅಂತ ಸರಾಸರಿ 45 ಅಂದುಕೊಳ್ಳುತ್ತೇವೆ. ಆದರೆ ದರ ಇರೋದು ಯೂನಿಟ್‌ಗೆ. ಸಿಕ್ಕಿದ್ದು 100 ಮತ್ತು 125 ಯೂನಿಟ್. 10,000ವನ್ನು 225ರಿಂದ ಭಾಗಿಸಿದರೆ 44.44.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಹೋಗುವಾಗ ಗಂಟೆಗೆ 60, ಬರುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿ 30ರ ವೇಗ. ಸರಾಸರಿ 45 ಅಲ್ಲ, 40. ವೇಗ ಇರೋದು ಗಂಟೆಗೆ, ನಿಧಾನಕ್ಕೆ ಬಂದದ್ದೇ ಜಾಸ್ತಿ ಹೊತ್ತು.

ಮೈಸೂರಿನ ಇಂಜಿನಿಯರಿಂಗ್ ಹುಡುಗರು ಎಸ್‌ಜಿಪಿಎ, ಅಂದರೆ ಒಂದು ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್, ಲೆಕ್ಕ ಹಾಕುವಾಗ ಕ್ರೆಡಿಟ್‌ನಿಂದ ಗುಣಿಸಬೇಕು. 4 ಕ್ರೆಡಿಟ್ ವಿಷಯದಲ್ಲಿ 7, 3 ಕ್ರೆಡಿಟ್‌ನದರಲ್ಲಿ 8, 1 ಕ್ರೆಡಿಟ್ ಲ್ಯಾಬ್‌ನಲ್ಲಿ 10 ಬಂದರೆ ಉತ್ತರ 7.75, 8.33 ಅಲ್ಲ. ಲ್ಯಾಬ್‌ನ ಹತ್ತು ನೋಡಿ ಹಿಗ್ಗುವವರು ಕ್ರೆಡಿಟ್ ಕಡೆಗೂ ನೋಡಲಿ.

ಇಲ್ಲೆಲ್ಲ ತೂಕ, ಅಂದರೆ ಯಾವುದರಿಂದ ಗುಣಿಸಬೇಕೋ ಆ ಅಂಕಿ, ತಾನಾಗೇ ಸಿಗುತ್ತದೆ, ಇಲ್ಲವೇ ಕಾಲೇಜಿನವರು ಹೇಳಿರುತ್ತಾರೆ. ಬೆಲೆಯೇರಿಕೆಯ ಲೆಕ್ಕದಲ್ಲಿ ತೂಕ ಯಾರದ್ದು ಅನ್ನೋದೇ ಮುಖ್ಯ. ಪೇಪರ್‌ನಲ್ಲಿ ಬರುವ ಶೇಕಡಾವಾರು ನೋಡಿ ‘ನಮ್ಮ ಮನೇಲಿ ಇದಕ್ಕಿಂತ ಜಾಸ್ತಿ ಏರಿದೆಯಲ್ಲ’ ಅಂತ ಎಷ್ಟೋ ಜನ ಕೇಳುತ್ತಾರೆ. ಆ ಶೇಕಡಾವಾರು ಬರೋದು ಗ್ರಾಹಕ ಬೆಲೆ ಸೂಚ್ಯಂಕದಿಂದ. 2012ರ ಬೆಲೆಗೆ ಹೋಲಿಸಿ ಲೆಕ್ಕ ಹಾಕುತ್ತಿದ್ದ, ಅಂದರೆ 2012 ಆಧಾರ ವರ್ಷದ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಕ್ಕೆ ನೂರಕ್ಕೆ 45.86ರ ತೂಕವಿತ್ತು. ಹಳ್ಳಿಗಳ ಸೂಚ್ಯಂಕದಲ್ಲಿ 54.18, ನಗರಗಳದ್ದರಲ್ಲಿ 36.29. ದೇಶದ ಮನೆಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಅನ್ನುವ 2011-12ರ ಸಮೀಕ್ಷೆಯಿಂದ ಬಂದ ತೂಕಗಳಿವು, ನಿಮ್ಮ ಮನೆಯದ್ದಲ್ಲ. ಊಟದ ಸಾಮಾನು ಶೇ. 8, ಉಳಿದದ್ದು ಶೇ. 3 ಏರಿತು ಅಂತಿಟ್ಟುಕೊಳ್ಳಿ. ನೂರರಲ್ಲಿ 60 ರೂಪಾಯಿ ಊಟಕ್ಕೇ ಹೋಗುವ ಮನೆಗೆ ಬೆಲೆಯೇರಿಕೆ ಶೇ. 6. ಊಟಕ್ಕೆ 36 ರೂಪಾಯಿ ಹೋಗುವ ಪಕ್ಕದ ಮನೆಗೆ ಶೇ. 4.8. ಎರಡೂ ಮನೆಯವರು ಸಾಮಾನು ತರೋದು ಒಂದೇ ಅಂಗಡಿಯಿಂದ.